ಜೋಗಿಗೆ ಜೋಳಿಗೆ ಸಾಕು

ಯಾತ್ರೆಗೆ ಹೊರಟವನ ಗಂಟು ಹಗುರವಾಗಿರಬೇಕೆಂಬುದು ಹಿರಿಯರ ಅನುಭವದ ಮಾತು. ಬೆಟ್ಟ ಹತ್ತುವವನಿಗಂತೂ ಈ ಮಾತನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅರ್ಧ ದಾರಿ ಸವೆಯುವಷ್ಟರಲ್ಲಿ ಅವನ ಹೆಗಲೇ ಅದನ್ನು ಕಲಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳಿಗೆ ಮೈಚಾಚಿಕೊಂಡಿರುವ ಜೋಗಿಮಟ್ಟಿಯ ಗಿರಿಶ್ರೇಣಿಯನ್ನು ನೋಡಿದವರಿಗೆ ಅಲ್ಲಿಯ ಗಾಳಿಯ ಪರಿಚಯವಿದ್ದೇ ಇದೆ. ಆ ಬೆಟ್ಟದ ಹೆಸರಿನಲ್ಲಿ ಒಬ್ಬ ಜೋಗಿ ಇದ್ದಾನೆ. ಜೋಗಿಯ ಆಸ್ತಿಯೆಂದರೆ ಒಂದು ಜೋಳಿಗೆ. ಅದರಲ್ಲಿ ಅಂದಂದಿಗೆ ಬೇಕಾದದ್ದು ಮಾತ್ರ.

ಇಂದಿನ ದಿನಗಳಲ್ಲಿ ಊರು ಕೇರಿ, ಕೋಟೆ ಕಾಡುಗಳ ವಿಷಯವನ್ನೆಲ್ಲ ಜನ ತಿಳಿದುಕೊಳ್ಳುವುದು ಜಾಲಪುಟಗಳ ಮೂಲಕವಷ್ಟೆ. ಆ ಪುಟಗಳ ಮುಖವನ್ನು ನೋಡಿದರೆ ಸರಳವಾಗಿಯೇ ಕಾಣುತ್ತವೆ: ಒಂದು ಶೀರ್ಷಿಕೆ, ಮೂರು ಪರಿಚ್ಛೇದ, ಒಂದು ಚಿತ್ರ. ಆದರೆ ಬೆನ್ನ ಹಿಂದಿನ ಗಂಟನ್ನು ಬಿಚ್ಚಿ ನೋಡಿದರೆ ಬೆರಗಾಗಬೇಕಾಗುತ್ತದೆ. ಹೇಳಬೇಕಾದ ಮಾತು ಒಂದು ಹಿಡಿ, ಹೊತ್ತಿರುವ ಹೊರೆ ಒಂದು ಬಂಡಿ. ಈ ಹೊರೆ ಎಲ್ಲಿಂದ ಬಂದಿತು, ಇಳಿಸುವ ಬಗೆ ಹೇಗೆ, ಇಳಿಸುವಾಗ ಯಾವುದನ್ನು ಮಾತ್ರ ಮುಟ್ಟಲಾಗದು ಎಂಬ ವಿಚಾರವನ್ನು ಈ ವಾರ ವಾಚಕರ ಮುಂದಿಡುತ್ತೇವೆ. ಮನೆಯಲ್ಲಿ ಮಕ್ಕಳು ಶಾಲೆಗೆಂದು, ಹಿರಿಯರು ಸಂಘದ ಕೆಲಸಕ್ಕೆಂದು ಇಂಥ ಪುಟಗಳನ್ನು ತಾವೇ ಸಿದ್ಧಪಡಿಸುವ ಕಾಲವಿದು. ಆದ್ದರಿಂದ ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯವೆಂದು ಯಾರೂ ಪುಟ ಮಗುಚಬೇಕಾಗಿಲ್ಲ.

ಗುರುತುಗಳ ಭಾಷೆ

ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಸಂಪಾದಕನು ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಸೀಸದಕಡ್ಡಿಯಿಂದ ಗುರುತು ಹಾಕಿ ಕಳುಹಿಸುತ್ತಿದ್ದನು. ‘ಇದು ಶೀರ್ಷಿಕೆ’, ‘ಇಲ್ಲಿಂದ ಹೊಸ ಪರಿಚ್ಛೇದ’, ‘ಈ ಮಾತು ದಪ್ಪಕ್ಷರದಲ್ಲಿ’ – ಇಷ್ಟೆ. ಓದುಗನಿಗೆ ಆ ಗುರುತುಗಳು ಕಾಣುತ್ತಿರಲಿಲ್ಲ. ಅವು ಮೊಳೆ ಜೋಡಿಸುವವನಿಗೆ ಹೇಳಿದ ಮಾತುಗಳು. ಜಾಲಪುಟವೂ ಹೀಗೆಯೇ. ಎಚ್.ಟಿ.ಎಂ.ಎಲ್. ಎಂಬ ಗುರುತಿನ ಭಾಷೆಯಲ್ಲಿ ಬರೆದವನು ಬ್ರೌಸರಿಗೆ ಹೇಳುವ ಸೂಚನೆಗಳು ಮಾತಿನ ನಡುನಡುವೆ ಸೇರಿಕೊಂಡಿರುತ್ತವೆ. ಬ್ರೌಸರು ಅವನ್ನು ತಾನು ಓದಿಕೊಂಡು, ನಮಗೆ ಮಾತನ್ನು ಮಾತ್ರ ಒಪ್ಪವಾಗಿ ತೋರಿಸುತ್ತದೆ.

ಈ ಗುರುತುಗಳನ್ನು ಎಲ್ಲರೂ ಕೈಯಿಂದ ಬರೆಯಬೇಕೆಂಬುದು ಜಾಲವನ್ನು ಹುಟ್ಟಿಸಿದವನ ಇಚ್ಛೆಯೇನೂ ಆಗಿರಲಿಲ್ಲ. ಟಿಮ್ ಬರ್ನರ್ಸ್-ಲೀ ಎಂಬಾತ 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ರಚಿಸಿದ ಮೊತ್ತಮೊದಲ ಬ್ರೌಸರು ಸಂಪಾದಕವೂ ಆಗಿತ್ತು. ಪುಟವನ್ನು ಓದುತ್ತ ಅಲ್ಲಿಯೇ ತಿದ್ದಬಹುದಾಗಿತ್ತು. ಕಂಡಂತೆಯೇ ಬರೆಯುವ ದೃಶ್ಯ ಸಂಪಾದಕವು ಜಾಲದಷ್ಟೇ ಹಳೆಯದು ಎಂದಂತಾಯಿತು. ಮುಂದೆ 1995ರಲ್ಲಿ ವರ್ಮಿಯರ್ ಎಂಬ ಸಣ್ಣ ಸಂಸ್ಥೆ ‘ಫ್ರಂಟ್‌ಪೇಜ್’ ಎಂಬ ಸಂಪಾದಕವನ್ನು ಹೊರತಂದಿತು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. 1997ರ ಕೊನೆಗೆ ‘ಡ್ರೀಮ್‌ವೀವರ್’ ಬಂದಿತು. ಗುರುತಿನ ಭಾಷೆಯ ಗಂಧವಿಲ್ಲದವರೂ ಗುಂಡಿ ಒತ್ತಿ ಪುಟ ಕಟ್ಟುವಂತಾಯಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಕಾರದ ಜೊತೆಗೆ ಕಸವೂ ಬಂದಿತು.

ಕಸ ಹುಟ್ಟುವ ಬಗೆ

ಯಂತ್ರಕ್ಕೆ ನಮ್ಮ ಮನಸ್ಸು ತಿಳಿಯದು. ಒಂದು ಸಾಲನ್ನು ನಾವು ದಪ್ಪ ಮಾಡಿ, ದೊಡ್ಡದು ಮಾಡಿ, ಕೆಂಪು ಮಾಡಿದೆವೆನ್ನಿ. ನಮ್ಮ ಮನಸ್ಸಿನಲ್ಲಿರುವುದು ‘ಇದು ಶೀರ್ಷಿಕೆ’ ಎಂಬುದು. ಸಂಪಾದಕ ಬರೆದುಕೊಳ್ಳುವುದು ‘ಇದು ದಪ್ಪ, ಇದು ದೊಡ್ಡದು, ಇದು ಕೆಂಪು’ ಎಂಬುದನ್ನು. ಆಮೇಲೆ ಕೆಂಪು ಬೇಡವೆಂದು ಕಪ್ಪು ಮಾಡಿದರೆ, ಕೆಂಪಿನ ಅಂಗಿಯ ಮೇಲೆ ಕಪ್ಪು ಅಂಗಿ ತೊಡಿಸುವ ಸಂಪಾದಕಗಳೂ ಉಂಟು. ಅಕ್ಷರವನ್ನು ಅಳಿಸಿದರೂ ಅದರ ಅಂಗಿ ಖಾಲಿಯಾಗಿ ಗೂಟಕ್ಕೆ ತೂಗಾಡುತ್ತಿರುತ್ತದೆ. ಸಾಲುಗಳ ನಡುವೆ ಅಂತರ ಬೇಕೆಂದು ನಾಲ್ಕು ಬಾರಿ ಗುಂಡಿ ಒತ್ತಿದರೆ ನಾಲ್ಕು ಖಾಲಿ ಪರಿಚ್ಛೇದಗಳು ಪುಟದಲ್ಲಿ ಕಾಯಂ ಆಗಿ ಕುಳಿತುಬಿಡುತ್ತವೆ.

ಎರಡನೆಯ ಕಾರಣ, ಬೇರೆ ಮನೆಯ ಸಾಮಾನನ್ನು ಹೊತ್ತು ತರುವುದು. ನಮ್ಮಲ್ಲಿ ಬಹುಮಂದಿ ಮೊದಲು ‘ವರ್ಡ್’ನಲ್ಲಿ ಬರೆದು, ಅಲ್ಲಿಂದ ನಕಲು ಮಾಡಿ ಜಾಲಪುಟಕ್ಕೆ ಅಂಟಿಸುತ್ತಾರೆ. ವರ್ಡ್ 2000 ಎಂಬ ಆವೃತ್ತಿಯಿಂದ ಮೊದಲ್ಗೊಂಡು ಆ ತಂತ್ರಾಂಶವು ತಾನು ಬರೆದ ಪುಟವನ್ನು ಮತ್ತೆ ತನ್ನಲ್ಲಿಯೇ ತೆರೆದಾಗ ಒಂದು ಕೂದಲೂ ಕೊಂಕದಂತೆ ಕಾಣಬೇಕೆಂದು ಬಯಸಿ, ಕಾಗದದ ಅಂಚು, ಮುದ್ರಣದ ಅಳತೆ, ಬರೆದವರ ಹೆಸರು ಮೊದಲಾದ ತನ್ನ ಸ್ವಂತ ವ್ಯವಹಾರವನ್ನೆಲ್ಲ ಪುಟದೊಳಕ್ಕೆ ತುಂಬತೊಡಗಿತು. ವರ್ಡಿನ ದೃಷ್ಟಿಯಲ್ಲಿ ಅದು ಕಸವಲ್ಲ, ದಾಖಲೆ. ಮೊಬೈಲಿನಲ್ಲಿ ಓದುವವನ ದೃಷ್ಟಿಯಲ್ಲಿ ಮಾತ್ರ ಬರಿಯ ಹೊರೆ. ಈ ದೂರು ಹೆಚ್ಚಿದಾಗ ಮೈಕ್ರೋಸಾಫ್ಟೇ ಅದನ್ನು ಸೋಸುವ ಜರಡಿಯೊಂದನ್ನು ಹೊರತಂದಿತು. ಮುಂದಿನ ಆವೃತ್ತಿಗಳಲ್ಲಿ ‘ಸೋಸಿದ ಜಾಲಪುಟ’ವಾಗಿ ಉಳಿಸುವ ಸೌಕರ್ಯವನ್ನೂ ಇಟ್ಟಿತು. ಗೂಗಲ್ ಡಾಕ್ಸ್‌ನಿಂದ ನಕಲು ಮಾಡಿದಾಗ ಕಾಣುವ ವಿನೋದವೇ ಬೇರೆ. ಇಡಿಯ ಬರಹಕ್ಕೆ ‘ದಪ್ಪಕ್ಷರ’ ಎಂಬ ಗುರುತನ್ನು ತೊಡಿಸಿ, ಅದರ ಪಕ್ಕದಲ್ಲಿಯೇ ‘ಆದರೆ ದಪ್ಪ ಮಾಡಬೇಡ’ ಎಂಬ ಸೂಚನೆಯನ್ನೂ ಬರೆದಿರುತ್ತದೆ. ಊಟಕ್ಕೆ ಕರೆದು ಎಲೆ ಹಾಕದೆ ಕಳುಹಿಸುವ ನೆಂಟರಂತೆ!

ಮೂರನೆಯದು ಯಂತ್ರದ ರುಜು. ಬಹುತೇಕ ಸಂಪಾದಕಗಳು ‘ಈ ಪುಟವನ್ನು ಹುಟ್ಟಿಸಿದವನು ನಾನು’ ಎಂದು ಪುಟದ ತಲೆಯಲ್ಲಿ ತಮ್ಮ ಹೆಸರನ್ನು ಕೊರೆಯುತ್ತವೆ. ಫ್ರಂಟ್‌ಪೇಜು ಉಪಯೋಗಿಸಿದ ತಾಣಗಳಲ್ಲಿ ‘ವಿ.ಟಿ.ಐ.’ ಎಂಬ ಅಕ್ಷರಗಳನ್ನು ಹೊತ್ತ ಕಡತಕೋಶಗಳು ತಾವೇ ಹುಟ್ಟಿಕೊಳ್ಳುತ್ತಿದ್ದುವು. ವರ್ಮಿಯರ್ ಟೆಕ್ನಾಲಜೀಸ್ ಎಂಬ ಆ ಹಳೆಯ ಸಂಸ್ಥೆಯ ಮೊದಲಕ್ಷರಗಳವು. ಸಂಸ್ಥೆ ಮಾರಾಟವಾಯಿತು, 2003ರ ಆವೃತ್ತಿಯೊಂದಿಗೆ ಫ್ರಂಟ್‌ಪೇಜಿನ ವಂಶವೂ ಮುಗಿಯಿತು. ಆದರೆ ಅದರ ಅಂಕಿತ ಮಾತ್ರ ಹಳೆಯ ತಾಣಗಳ ಮೂಲೆಯಲ್ಲಿ ಉಳಿದುಕೊಂಡಿತು.

ರುಜುವಿನ ಮಾತು ಬಂದಾಗ ಚಿತ್ರದುರ್ಗ ಜಿಲ್ಲೆಯವರಿಗೆ ಬೇರೊಂದು ರುಜು ನೆನಪಾಗದಿರದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ, ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ರಾಜಾಜ್ಞೆಗೆ ಅದು ಬೇಕಾಗಿರಲಿಲ್ಲ; ಆದರೆ ಆ ಒಂದು ಪದದಿಂದ ಅವನು ಯಾವ ಸೀಮೆಯ ವಿದ್ಯೆಯನ್ನು ಕಲಿತವನೆಂಬುದು ನಮಗೆ ತಿಳಿಯುವಂತಾಯಿತು. ಹೆಚ್ಚಿನ ಮಾತೆಲ್ಲ ಕಸವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಬಿಸಾಡುವ ಮೊದಲು ‘ಇದು ಯಾರಿಗೆ ಏನನ್ನು ಹೇಳುತ್ತಿದೆ?’ ಎಂದು ಕೇಳಿಕೊಳ್ಳಬೇಕೆಂಬುದನ್ನು ಇಲ್ಲಿಯೇ ಗಂಟು ಹಾಕಿಕೊಂಡು ಮುಂದೆ ಹೋಗೋಣ.

ಒಂದು ಹೆಸರಿನ ತೂಕ

ಹೊಸದುರ್ಗದ ಒಬ್ಬ ಉಪಾಧ್ಯಾಯಿನಿ ತಮ್ಮ ವಿದ್ಯಾರ್ಥಿಗಳೊಡನೆ ಜೋಗಿಮಟ್ಟಿಯ ಬಗ್ಗೆ ಒಂದು ಪುಟ ಸಿದ್ಧಪಡಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಅದು. ಒಳಗೆ ಹೋಗಲು ಅರಣ್ಯ ಇಲಾಖೆಯ ನಿಯಮಗಳಿವೆ. ಬೆಟ್ಟದ ಬುಡದಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯವಿದೆ. ಪುಟದಲ್ಲಿ ಬರಬೇಕಾದ ಮಾತು ಇಷ್ಟೆ: ದಾರಿ, ಪ್ರವೇಶದ ಸಮಯ, ಒಯ್ಯಬಾರದ ವಸ್ತುಗಳು, ಕಾಣಬಹುದಾದ ಪ್ರಾಣಿಪಕ್ಷಿಗಳು, ಒಂದು ಛಾಯಾಚಿತ್ರ.

‘ಜೋಗಿಮಟ್ಟಿ’ ಎಂಬ ಒಂದೇ ಪದವನ್ನು ತಕ್ಕಡಿಗೆ ಹಾಕೋಣ. ಯೂನಿಕೋಡ್ ಲೆಕ್ಕದಲ್ಲಿ ಇದರಲ್ಲಿ ಒಂಬತ್ತು ಸಂಕೇತಗಳಿವೆ – ವ್ಯಂಜನಗಳು ಜ, ಗ, ಮ, ಟ ಎಂಬ ನಾಲ್ಕು ಬಗೆಯವು, ಟಕಾರ ಎರಡು ಸಲ ಬರುವುದರಿಂದ ಐದು ಸಂಕೇತಗಳು. ಇವಕ್ಕೆ ಸ್ವರಚಿಹ್ನೆಗಳು ಮೂರು, ಹಲಂತ ಒಂದು ಸೇರಿದರೆ ಒಂಬತ್ತಾಯಿತು. ಇಂದು ರೂಢಿಯಲ್ಲಿರುವ ಯು.ಟಿ.ಎಫ್.-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಪದದ ತೂಕ 27 ಬೈಟು. ಕೆಲವು ಹಳೆಯ ಸಂಪಾದಕಗಳು ಅಕ್ಷರವನ್ನು ನೇರವಾಗಿ ಬರೆಯದೆ ಅದರ ಕ್ರಮಸಂಖ್ಯೆಯನ್ನು ಬರೆಯುತ್ತಿದ್ದುವು. ಉದಾಹರಣೆಗೆ, ಕಕಾರಕ್ಕೆ 3221 ಎಂಬ ಸಂಖ್ಯೆ. ಅದರ ಹಿಂದೆ ಎರಡು, ಮುಂದೆ ಒಂದು ಚಿಹ್ನೆ ಸೇರಿ ಏಳು ಬೈಟುಗಳಾಗುತ್ತವೆ. ಹಾಗೆ ಬರೆದರೆ ನಮ್ಮ ಪದದ ತೂಕ 63 ಬೈಟು. ಅದರ ಮೇಲೆ ವರ್ಡಿನ ಅಂಗಿ: ‘ಇದು ಕನ್ನಡ, ಅಕ್ಷರದ ಗಾತ್ರ 12, ಅಕ್ಷರಶೈಲಿ ತುಂಗ’ ಎಂದು ಹೇಳುವ ಗುರುತು ತೆರೆಯಲು ಮತ್ತು ಮುಚ್ಚಲು ಸುಮಾರು 80 ಬೈಟು. 27 ಬೈಟಿನ ಪದ 140ನ್ನು ಮೀರಿತು. ಜೋಗಿಯ ಮೈತೂಕಕ್ಕಿಂತ ಅವನ ಅಂಗಿಯ ತೂಕ ಹೆಚ್ಚಾಯಿತು.

ಇಂಗ್ಲಿಷಿನಲ್ಲಿ ಬರೆದವರಿಗೆ ಈ ಪೀಡೆ ಇಷ್ಟಿಲ್ಲ. ವರ್ಡು ಇಂಗ್ಲಿಷಿಗೆ ಒಂದು ಅಕ್ಷರಶೈಲಿ, ಕನ್ನಡಕ್ಕೆ ಇನ್ನೊಂದು ಎಂದು ಇಟ್ಟುಕೊಳ್ಳುವುದರಿಂದ ಕನ್ನಡ ವಾಕ್ಯದ ನಡುವೆ ಒಂದು ಅಂಕೆಯೋ ಇಂಗ್ಲಿಷ್ ಪದವೋ ಬಂದಾಗ, ಎಷ್ಟೋ ವೇಳೆ ಅಲ್ಪವಿರಾಮ ಬಂದಾಗಲೂ, ಹಳೆಯ ಅಂಗಿ ಕಳಚಿ ಹೊಸದನ್ನು ತೊಡುತ್ತದೆ. ಒಂದು ವಾಕ್ಯಕ್ಕೆ ಐದಾರು ಸಲ ವೇಷ ಬದಲಾವಣೆ! ಈ ತುಂಡರಿಕೆಯು ಅಕ್ಷರಕ್ಕೂ ಅದರ ಗುಣಿತಕ್ಕೂ ನಡುವೆ ಬಿದ್ದರೆ ಕೆಲವು ಬ್ರೌಸರುಗಳಲ್ಲಿ ಅಕ್ಷರವೇ ಒಡೆದು ಕಾಣುವುದುಂಟು.

ಹೊರೆಯಿಂದ ಯಾರಿಗೆ ನಷ್ಟ?

‘ಕಣ್ಣಿಗೆ ಕಾಣದ ಕಸದಿಂದ ಏನು ತೊಂದರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಒಂದೇ ಬಗೆಯ ಗುರುತು ನೂರು ಸಲ ಬಂದರೂ ಕಳುಹಿಸುವಾಗ ಅದನ್ನು ಅದುಮಿ ಸಣ್ಣದು ಮಾಡುವ ವಿದ್ಯೆ ಇಂದು ಎಲ್ಲ ಕಡೆಯೂ ಬಳಕೆಯಲ್ಲಿದೆ. ಅಲ್ಲದೆ, ಕ್ಯಾಮರಾದಿಂದ ಬಂದ ನಾಲ್ಕೈದು ಮೆಗಾಬೈಟಿನ ಛಾಯಾಚಿತ್ರವನ್ನು ಹಾಗೆಯೇ ಪುಟಕ್ಕೆ ಏರಿಸಿ, ಅಂಗೈಯಗಲ ಕಾಣುವಂತೆ ಕುಗ್ಗಿಸಿಟ್ಟವರು ಗುರುತುಗಳ ಕಸವನ್ನು ದೂರುವುದರಲ್ಲಿ ಅರ್ಥವಿಲ್ಲ. ಮೊದಲು ಚಿತ್ರವನ್ನು ಹದ ಮಾಡಬೇಕು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಮೂರು ನಷ್ಟಗಳು ಉಳಿಯುತ್ತವೆ.

ಮೊದಲನೆಯದು ಬಡವನ ನಷ್ಟ. ಅದುಮಿ ಕಳುಹಿಸಿದ್ದನ್ನು ಮೊಬೈಲು ಬಿಚ್ಚಿಕೊಂಡು, ಒಂದೊಂದು ಗುರುತನ್ನೂ ಓದಿ, ಲೆಕ್ಕ ಹಾಕಿ ಪುಟ ಕಟ್ಟಬೇಕು. ಹೊಸ ದುಬಾರಿ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಹಳೆಯ ಅಗ್ಗದ ಮೊಬೈಲಿಗೆ ಏದುಸಿರು. ಕಾಡಿನ ಕಣಿವೆಗಳಲ್ಲಿ ಸಂಪರ್ಕ ಕ್ಷೀಣಿಸುವುದು ಸಹಜ. ಮಕ್ಕಳುಮರಿಗಳೊಡನೆ ಬಂದ ಸಂಸಾರವೊಂದು ತಪಾಸಣೆಯ ಗೇಟಿನ ಬಳಿ ನಿಂತು ‘ಒಳಗೆ ಬಿಡುವ ಸಮಯ ಯಾವುದು?’ ಎಂದು ನೋಡಲು ಹೋದಾಗ ಬಿಳಿಯ ಪರದೆಯೇ ಎದುರಾದರೆ, ಪುಟ ಕಟ್ಟಿದವರ ಶ್ರಮವೆಲ್ಲ ವ್ಯರ್ಥವಾದಂತೆ.

ಎರಡನೆಯದು ಕಣ್ಣಿಲ್ಲದವರ ನಷ್ಟ. ಇದು ಹೆಚ್ಚು ಗಂಭೀರವಾದುದು. ಅಂಧ ವಿದ್ಯಾರ್ಥಿಗಳು ಪುಟವನ್ನು ಕಿವಿಯಿಂದ ಓದುತ್ತಾರೆ. ಓದಿ ಹೇಳುವ ತಂತ್ರಾಂಶಗಳು ಕನ್ನಡವನ್ನೂ ನುಡಿಯಬಲ್ಲವು. ಕಣ್ಣುಳ್ಳವರು ಪುಟವನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ ಬೇಕಾದ ಶೀರ್ಷಿಕೆಗೆ ಹಾರುವಂತೆ, ಅವರು ಗುಂಡಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಆದರೆ ‘ದಪ್ಪ, ದೊಡ್ಡದು, ಕೆಂಪು’ ಎಂದು ಬರೆದದ್ದು ಕಿವಿಗೆ ಶೀರ್ಷಿಕೆಯಲ್ಲ. ಆ ಪುಟದಲ್ಲಿ ಅವರಿಗೆ ಮೆಟ್ಟಿಲುಗಳೇ ಇಲ್ಲ. ಇಡಿಯ ಬೆಟ್ಟವನ್ನು ತೆವಳಿಕೊಂಡು ಹತ್ತಬೇಕು. ಕಸ ತೆಗೆಯುವುದೆಂದರೆ ಬರಿಯ ತೂಕ ಇಳಿಸುವುದಲ್ಲ, ‘ಕಾಣುವುದು ಹೇಗೆ’ ಎಂಬುದರ ಬದಲು ‘ಇದು ಏನು’ ಎಂಬುದನ್ನು ಬರೆಯುವುದು.

ಮೂರನೆಯದು ಮುಂದಿನವರ ನಷ್ಟ. ಇಂದು ಪುಟ ಕಟ್ಟಿದ ಉಪಾಧ್ಯಾಯಿನಿ ನಾಳೆ ಬೇರೆ ಊರಿಗೆ ವರ್ಗವಾಗುತ್ತಾರೆ. ಪ್ರವೇಶದ ಸಮಯ ಬದಲಾದಾಗ ಹೊಸಬರು ಬಂದು ಒಂದು ಸಾಲನ್ನು ತಿದ್ದಬೇಕು. ಆ ಸಾಲು ಗುರುತುಗಳ ಪೊದೆಯಲ್ಲಿ ಎಲ್ಲಿ ಅಡಗಿದೆಯೆಂದು ಕಾಣದಿದ್ದರೆ ಅವರು ತಿದ್ದುವುದನ್ನೇ ಬಿಡುತ್ತಾರೆ. ತಪ್ಪು ಸಮಯ ವರ್ಷಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ.

ಕಳೆ ಯಾವುದು, ಪೈರು ಯಾವುದು

ಕರ್ನಾಟಕದ ಕಾಡುಗಳನ್ನು ಬಲ್ಲವರಿಗೆ ಲಂಟಾನದ ಪೊದೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಹೊರದೇಶದಿಂದ ತಂದ ಗಿಡವದು. ಉದ್ಯಾನವನ್ನು ದಾಟಿ ಕಾಡಿಗೆ ಕಾಲಿಟ್ಟು, ಹುಲ್ಲಿಗೂ ಸಸಿಗೂ ನೆಲವಿಲ್ಲದಂತೆ ಮಾಡಿತು. ಜಾಲಪುಟದ ‘ಫಾಂಟ್’ ಎಂಬ ಗುರುತಿನ ಕಥೆಯೂ ಇದೇ. ಅಲಂಕಾರಕ್ಕೆಂದು ಬಂದು ಎಲ್ಲೆಲ್ಲಿಯೂ ಹಬ್ಬಿತು. 1994ರಲ್ಲಿ ಹೋಕನ್ ವಿಯುಮ್ ಲೀ ಎಂಬಾತ ಅಲಂಕಾರದ ಸೂಚನೆಗಳನ್ನೆಲ್ಲ ಒಂದೆಡೆ ಬೇರೆಯಾಗಿ ಬರೆದಿಡುವ ಉಪಾಯವನ್ನು ಮುಂದಿಟ್ಟನು. 1996ರ ಡಿಸೆಂಬರಿನಲ್ಲಿ ಅದು ಸಿ.ಎಸ್.ಎಸ್. ಎಂಬ ಹೆಸರಿನಲ್ಲಿ ಮಾನ್ಯವಾಯಿತು. ಮರುವರ್ಷವೇ ಫಾಂಟ್ ಗುರುತನ್ನು ಬಳಸದಿರುವುದು ಲೇಸೆಂದು ಜಾಲದ ಪ್ರಮಾಣಗಳನ್ನು ನಿರ್ಣಯಿಸುವ ಒಕ್ಕೂಟ ಸಾರಿತು. ‘ಎಲ್ಲ ಶೀರ್ಷಿಕೆಗಳೂ ಕೆಂಪಾಗಿರಲಿ’ ಎಂದು ಒಂದು ಕಡೆ ಒಮ್ಮೆ ಬರೆದರೆ ಸಾಕು; ನೂರು ಶೀರ್ಷಿಕೆಗೆ ನೂರು ಸಲ ಬರೆಯಬೇಕಾಗಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಹಾಗಾದರೆ ಫಾಂಟ್ ಎಂದು ಕಂಡದ್ದನ್ನೆಲ್ಲ ಕಿತ್ತೊಗೆಯೋಣವೇ? ಇಲ್ಲಿ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ ‘ವಿಶ್ವಕನ್ನಡ’ವನ್ನು ಯು. ಬಿ. ಪವನಜ ಅವರು ಆರಂಭಿಸಿದ್ದು 1996ರಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಮನೆಮನೆಯ ಗಣಕಗಳಲ್ಲಿ ಅದು ಕಾಣಿಸಿಕೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ. ಅಲ್ಲಿಯವರೆಗೆ, ಅನೇಕ ಕಡೆ ಅನಂತರವೂ, ಕನ್ನಡವು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇತ್ತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಬರಹವನ್ನೇ ನೋಡಿ. ಅಲ್ಲಿ ‘ಕ’ ಎಂಬುದು ಗಣಕದ ಪಾಲಿಗೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟುಳ್ಳ ‘ಎ’. ‘ನ’ ಎಂಬುದರಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ. ಅದನ್ನು ನಮ್ಮ ಕಣ್ಣಿಗೆ ಕನ್ನಡವಾಗಿಸುತ್ತಿದ್ದುದು ‘ಈ ಭಾಗವನ್ನು ನುಡಿಯ ಅಕ್ಷರಶೈಲಿಯಲ್ಲಿ ತೋರಿಸು’ ಎಂಬ ಫಾಂಟ್ ಗುರುತು ಒಂದೇ. ಅಂಥ ಪುಟದಿಂದ ಆ ಗುರುತನ್ನು ಕಿತ್ತರೆ ಉಳಿಯುವುದು ಕನ್ನಡವಲ್ಲ, ಪೌಂಡುಗಳ ರಾಶಿ! ಇಂಗ್ಲಿಷ್ ಪುಸ್ತಕದಲ್ಲಿ ಕಳೆಯೆಂದು ಬರೆದಿರುವುದು ಇಲ್ಲಿ ಪೈರಾಗಿರುತ್ತದೆ. ಮೊದಲು ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯೂನಿಕೋಡಿಗೆ ತರಬೇಕು, ಸಾಲುಸಾಲಾಗಿ ಓದಿ ತಾಳೆ ನೋಡಬೇಕು. ಆಮೇಲೆ ಮಾತ್ರ ಫಾಂಟ್ ಗುರುತಿಗೆ ಕತ್ತರಿ.

ಎರಡನೆಯ ಎಚ್ಚರಿಕೆ ಇನ್ನೂ ಸೂಕ್ಷ್ಮವಾದುದು. ‘ರಾಜ್‌ಕುಮಾರ್’ ಎಂಬ ಹೆಸರನ್ನು ಬರೆಯುವಾಗ ಜಕಾರ, ಕಕಾರಗಳು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿರುತ್ತದೆ. ಕಸ ತೆಗೆಯುವ ಉತ್ಸಾಹದಲ್ಲಿ ‘ಕಾಣದ ಚಿಹ್ನೆಗಳನ್ನೆಲ್ಲ ಅಳಿಸು’ ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟರೆ ಅದೇ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ. ಅದೇ ಬಗೆಯ ಇನ್ನೊಂದು ಸಂಕೇತದ ಬಲದಿಂದ ‘ರ‍್ಯಾಂಕು’ ಎಂಬ ಪದದಲ್ಲಿ ರಕಾರ ತನ್ನ ಪೂರ್ಣರೂಪದಲ್ಲಿ ನಿಂತಿದೆ. ಅಳಿಸಿದರೆ ‘ರ್ಯಾಂಕು’ ಆಗಿ ಅರ್ಕಾವೊತ್ತು ತಲೆಹಾಕುತ್ತದೆ. ಇಂಗ್ಲಿಷ್ ಪುಟಕ್ಕೆ ಅನಾವಶ್ಯಕವಾದ ಈ ಅದೃಶ್ಯ ಸಂಕೇತಗಳು ಕನ್ನಡಕ್ಕೆ ಕಾಗುಣಿತದ ಭಾಗ. ಹೊರಗಿನವರು ಮಾಡಿದ ಜರಡಿಯನ್ನು ತಂದು ನಮ್ಮ ಧಾನ್ಯ ಸೋಸುವಾಗ, ಅದರ ಕಣ್ಣಿನ ಅಳತೆಯನ್ನು ನೋಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಶುದ್ಧಿಯ ಕ್ರಮ

ಈಗ ಕೈಗೆಲಸದ ಮಾತು. ಮೊದಲು ಪುಟದ ಮೂಲ ಪ್ರತಿಯೊಂದನ್ನು ಬೇರೆಡೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹಳೆಯ ಅಕ್ಷರಶೈಲಿಯಲ್ಲಿದ್ದರೆ ಯೂನಿಕೋಡಿಗೆ ತರಬೇಕು. ಕ್ರಮಸಂಖ್ಯೆಗಳಾಗಿ ಬರೆದಿದ್ದರೆ ನೇರ ಅಕ್ಷರಗಳಾಗಿ ಮಾಡಿಕೊಳ್ಳಬೇಕು.

ಸಣ್ಣ ಪುಟವಾದರೆ ಅತ್ಯಂತ ಸುಲಭದ ಉಪಾಯವೆಂದರೆ ಮಾತನ್ನು ಮಾತ್ರ ಉಳಿಸಿಕೊಂಡು ಹೊಸದಾಗಿ ಗುರುತು ಹಾಕುವುದು. ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ‘ವಿ’ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಬಹುತೇಕ ಬ್ರೌಸರುಗಳಲ್ಲಿ ಅಂಗಿಗಳೆಲ್ಲ ಕಳಚಿ ಬರಿಯ ಮಾತು ಮಾತ್ರ ಬಂದು ನಿಲ್ಲುತ್ತದೆ. ಆಮೇಲೆ ಶೀರ್ಷಿಕೆಗೆ ಶೀರ್ಷಿಕೆಯ ಗುರುತು, ಪರಿಚ್ಛೇದಕ್ಕೆ ಪರಿಚ್ಛೇದದ ಗುರುತು, ಪಟ್ಟಿಗೆ ಪಟ್ಟಿಯ ಗುರುತು. ಜೋಗಿಮಟ್ಟಿಯ ಪುಟದಂಥದಕ್ಕೆ ಇದು ಅರ್ಧ ಗಂಟೆಯ ಕೆಲಸ.

ಪುಟಗಳು ನೂರಾರು ಇದ್ದರೆ ಯಂತ್ರದ ನೆರವು ಬೇಕು. ಡೇವ್ ರ‍್ಯಾಗೆಟ್ ಎಂಬಾತ ರಚಿಸಿದ, ಮುಂದೆ ಸ್ವಯಂಸೇವಕರು ಬೆಳೆಸಿಕೊಂಡು ಬಂದ ‘ಟೈಡಿ’ ಎಂಬ ಉಚಿತ ಉಪಕರಣವು ವರ್ಡಿನ ಕಸವನ್ನು ಗುರುತಿಸಿ ತೆಗೆಯಬಲ್ಲುದು. ಡ್ರೀಮ್‌ವೀವರಿನಲ್ಲಿಯೂ ಇದಕ್ಕೆಂದೇ ಒಂದು ಅಪ್ಪಣೆಯಿದ್ದಿತು. ಆದರೆ ಮೊದಲು ಒಂದು ಪುಟದ ಮೇಲೆ ಪ್ರಯೋಗಿಸಿ ನೋಡಿಯೇ ನೂರಕ್ಕೆ ಹೋಗಬೇಕು.

ತೆಗೆಯಬಹುದಾದದ್ದು: ಖಾಲಿ ಪರಿಚ್ಛೇದಗಳು, ಖಾಲಿ ಅಂಗಿಗಳು, ಸಾಲು ಸರಿಸಲು ಒತ್ತಿದ ಖಾಲಿ ಜಾಗದ ಸರಪಳಿಗಳು, ವರ್ಡಿನ ಸ್ವಂತ ಸೂಚನೆಗಳು, ಸಂಪಾದಕದ ರುಜು, 2022ರಲ್ಲಿ ನಿವೃತ್ತವಾದ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗಾಗಿ ಬರೆದಿಟ್ಟ ರಹಸ್ಯ ಟಿಪ್ಪಣಿಗಳು. ತೆಗೆಯಬಾರದ್ದು: ಪುಟದ ತಲೆಯಲ್ಲಿ ‘ಇದು ಕನ್ನಡ’ ಎಂದು ಹೇಳುವ ಒಂದು ಮಾತು (ಪದಪದಕ್ಕೂ ಬೇಡ, ಒಮ್ಮೆ ಸಾಕು, ಓದಿ ಹೇಳುವ ಯಂತ್ರ ಕನ್ನಡದ ದನಿಯನ್ನು ಆರಿಸಿಕೊಳ್ಳುವುದು ಅದರಿಂದ), ಯಾವ ಅಕ್ಷರಪದ್ಧತಿ ಎಂಬ ಘೋಷಣೆ, ಮೊಬೈಲಿನ ಅಗಲಕ್ಕೆ ಹೊಂದಿಕೊಳ್ಳುವ ಸೂಚನೆ, ಚಿತ್ರದಲ್ಲಿ ಏನಿದೆಯೆಂದು ಕಾಣದವರಿಗೆ ಹೇಳುವ ವಿವರಣೆ, ಹಾಗೂ ಮೇಲೆ ಹೇಳಿದ ಕಾಣದ ಸಂಕೇತಗಳು.

ಕೊನೆಗೆ ಮೂರು ಪರೀಕ್ಷೆಗಳು. ಮೂಲ ಪ್ರತಿಯನ್ನೂ ಶುದ್ಧ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಒಂದು ಮಾತೂ ಕಳೆದಿಲ್ಲವೆಂದು ನೋಡುವುದು. ಮನೆಯಲ್ಲಿ ಇರುವ ಎಲ್ಲಕ್ಕಿಂತ ಹಳೆಯ ಮೊಬೈಲಿನಲ್ಲಿ ತೆರೆದು ನೋಡುವುದು. ಕಣ್ಣು ಮುಚ್ಚಿಕೊಂಡು ಯಂತ್ರದ ಬಾಯಿಂದ ಓದಿಸಿ ಕೇಳುವುದು. ಮೂರನೆಯದನ್ನು ಒಮ್ಮೆ ಮಾಡಿ ನೋಡಿದ ಮಕ್ಕಳು ದಪ್ಪಕ್ಷರವನ್ನು ಶೀರ್ಷಿಕೆಯೆಂದು ಮತ್ತೆ ಕರೆಯಲಾರರು.

ಈ ಕಾಲದ ಸಂಪಾದಕಗಳು ಹಿಂದಿನವುಗಳಿಗಿಂತ ಎಷ್ಟೋ ಜಾಣವಾಗಿವೆ. ಆದರೆ ಎಳೆದು ಬಿಟ್ಟು ಪುಟ ಕಟ್ಟಿಸುವ ಹೊಸ ಉಪಕರಣಗಳೂ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ ಎಂದು ಇಡುತ್ತಲೇ ಇರುತ್ತವೆ. ಲಂಟಾನವನ್ನು ಮೇಲಿಂದ ಸವರಿದರೆ ಮತ್ತೆ ಚಿಗುರುತ್ತದೆ, ಬುಡ ಕೀಳಬೇಕು. ಇಲ್ಲಿ ಬುಡವೆಂದರೆ ನಮ್ಮ ಅಭ್ಯಾಸ. ಮೊದಲು ಮಾತನ್ನು ಬರೆಯುವುದು, ಅದು ಏನೆಂದು ಗುರುತಿಸುವುದು, ಅಲಂಕಾರವನ್ನು ಕಟ್ಟಕಡೆಗೆ ಒಂದೇ ಕಡೆ ಇಡುವುದು – ಈ ಕ್ರಮವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಟ್ಟರೆ ಕಳೆ ಕೀಳುವ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. ರಜೆಯಲ್ಲಿ ಮನೆಯ ಅಟ್ಟವನ್ನು ಶುದ್ಧಿಮಾಡುವ ಸಂಸಾರಗಳು ಅದೇ ಉತ್ಸಾಹದಲ್ಲಿ ತಮ್ಮ ಸಂಘದ, ಶಾಲೆಯ ಪುಟವೊಂದರ ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಲಿ. ಅಲ್ಲಿರುವ ನಮ್ಮ ಭಾಷೆಯ ಮಾತು, ಕಣ್ಣಿದ್ದವರಿಗೂ ಇಲ್ಲದವರಿಗೂ, ಇಂದಿನವರಿಗೂ ಮುಂದಿನವರಿಗೂ ತಡೆಯಿಲ್ಲದೆ ತಲುಪುವುದಾದರೆ ಆ ಅರ್ಧ ಗಂಟೆ ಸಾರ್ಥಕ.